ಒಂದೇ ತಾಟಿನ ಊಟ: ಇಂಜೆರಾ, ಗುರೆಳ್ಳು ಮತ್ತು 1974

ಇಥಿಯೋಪಿಯಾ ಅಂದಕೂಡಲೇ ನಿಮಗೇನು ನೆನಪಾಗುತ್ತದೆ? ನನ್ನ ಓರಗೆಯವರಾದರೆ ಬರಗಾಲವೇ. 1984ರ ಅಕ್ಟೋಬರಿನಲ್ಲಿ ಬಿಬಿಸಿಯ ಮೈಕೆಲ್ ಬರ್ಕ್ ಅಲ್ಲಿಂದ ಕಳಿಸಿದ ವರದಿ, ಎಲುಬು ಎದ್ದ ಮಕ್ಕಳ ಚಿತ್ರಗಳು, ಮರುವರ್ಷ ಜುಲೈ 13ರಂದು ನಡೆದ ಲೈವ್ ಏಡ್ ಸಂಗೀತ ಕಾರ್ಯಕ್ರಮ. ಆಮೇಲೆ ಆ ದೇಶದ ಹೆಸರಿಗೆ ಹಸಿವು ಅಂಟಿಕೊಂಡುಬಿಟ್ಟಿತು. ಎಷ್ಟರಮಟ್ಟಿಗೆ ಅಂದರೆ 1989ರಲ್ಲಿ ಬಂದ 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಎಂಬ ಹಾಲಿವುಡ್ ಸಿನಿಮಾದಲ್ಲಿ, ಇಥಿಯೋಪಿಯಾದ ಹೋಟೆಲಿಗೆ ಹೋದರೆ ಖಾಲಿ ತಟ್ಟೆ ತರಿಸಿಕೊಂಡು ಎದ್ದು ಬರಬೇಕಷ್ಟೇ ಎಂಬರ್ಥದ ಜೋಕು ಇದೆ. ಜನ ನಕ್ಕರು. ಆ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಇಥಿಯೋಪಿಯಾದವರ ಹೋಟೆಲುಗಳು ಶುರುವಾಗಿ ಹತ್ತು ವರ್ಷ ಆಗಿತ್ತು. ಜೋಕು ಕೇಳಿಸಿಕೊಂಡೇ ಅವರು ಜನರಿಗೆ ಹೊಟ್ಟೆತುಂಬ ಬಡಿಸುತ್ತಿದ್ದರು.

ಈ ಹೋಟೆಲುಗಳ ಕಥೆ ಹೇಳಬೇಕಾದರೆ 1972ರ ಬರದಿಂದ ಶುರು ಮಾಡಬೇಕು. ಆ ಬರ ನನಗೆ ಗೊತ್ತು. ನಮ್ಮದು ವಿಜಾಪುರ ಜಿಲ್ಲೆ, ಸಿಂದಗಿ ಕಡೆಯ ಹಳ್ಳಿ. ಮಳೆ ಕೈಕೊಟ್ಟು ಬಿಳಿಜೋಳದ ಹೊಲಗಳು ಹಾಗೇ ಬಿರಿದವು. ರೇಷನ್ನಿಗೆ ಪರದೇಶದ ಕೆಂಪು ಜೋಳ ಬಂತು, ಅದರ ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು. ಊರಿನ ಅರ್ಧ ಮಂದಿ ಸರಕಾರದ ಕಾಮಗಾರಿಯಲ್ಲಿ ಜಲ್ಲಿ ಒಡೆಯಲು ಹೋದರು, ನಮ್ಮ ಕಾಕಾನೂ ಹೋಗಿದ್ದ. ಪಕ್ಕದ ಮಹಾರಾಷ್ಟ್ರದಲ್ಲಂತೂ 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಇಂಥ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಕಷ್ಟ ಬಹಳ ಇತ್ತು, ದನ ಕರು ಸತ್ತವು, ಆದರೆ ಊರಿಗೆ ಊರೇ ಹಸಿವಿನಿಂದ ಸಾಯಲಿಲ್ಲ. ಬರ ಮುಗಿದ ಮೇಲೆ, 1974ರಲ್ಲಿ, ನಾನು ಟ್ರಂಕು ಹೊತ್ತು ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಬಂದೆ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅರಬ್ಬಿ ಸಮುದ್ರದ ಆಚೆ, ಇಥಿಯೋಪಿಯಾದ ವೊಲ್ಲೊ ಎಂಬ ಪ್ರಾಂತ್ಯದಲ್ಲೂ ಮಳೆ ಹೋಗಿತ್ತು. ಅಲ್ಲಿ ಹತ್ತಾರು ಸಾವಿರ ಜನ ಸತ್ತರು. ಅಮರ್ತ್ಯ ಸೇನ್ 1981ರಲ್ಲಿ ಬಂದ ತಮ್ಮ ಬಡತನ ಮತ್ತು ಕ್ಷಾಮಗಳ ಪುಸ್ತಕದಲ್ಲಿ ಈ ಬರಕ್ಕೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ಅವರು ತೋರಿಸುವುದು ಏನೆಂದರೆ, ದೇಶದಲ್ಲಿ ಒಟ್ಟಾರೆ ಕಾಳುಕಡಿಗೆ ಅಂಥ ಕೊರತೆ ಇರಲಿಲ್ಲ. ವೊಲ್ಲೊದ ರೈತನ ಬೆಳೆ ಹೋಯಿತು, ಬೆಳೆಯ ಜೊತೆ ಕೊಳ್ಳುವ ಶಕ್ತಿಯೂ ಹೋಯಿತು. ಕೊಳ್ಳುವವನೇ ಇಲ್ಲದ ಕಡೆಗೆ ವ್ಯಾಪಾರಿ ಯಾಕೆ ಧಾನ್ಯ ಕಳಿಸುತ್ತಾನೆ? ಇದ್ದಬದ್ದದ್ದೂ ಸ್ವಲ್ಪ ಹೊರಗೇ ಹೋಯಿತು. ಚಕ್ರವರ್ತಿ ಹೈಲೆ ಸೆಲಾಸಿಯ ಸರಕಾರ ಸುದ್ದಿಯನ್ನು ಮುಚ್ಚಿಟ್ಟಿತು. ನಮ್ಮಲ್ಲಿ ಪತ್ರಿಕೆಗಳು ಬರೆದವು, ವಿಧಾನಸಭೆಯಲ್ಲಿ ಗಲಾಟೆ ಆಯಿತು, ಕಾಮಗಾರಿ ತೆರೆಯಲೇಬೇಕಾಯಿತು. ಎರಡೂ ಕಡೆ ಮಳೆ ಒಂದೇ ಥರ ಕೈಕೊಟ್ಟಿತ್ತು ನೋಡಿ, ವ್ಯತ್ಯಾಸ ಆಗಿದ್ದು ಅದರ ಮುಂದೆ.

1973ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಜೊನಾಥನ್ ಡಿಂಬಲ್‌ಬಿ ಈ ಮುಚ್ಚಿಟ್ಟ ಬರದ ಬಗ್ಗೆ ಟಿವಿಗಾಗಿ ಒಂದು ಚಿತ್ರ ಮಾಡಿದರು. ಮುಂದಿನ ವರ್ಷ ಸೈನಿಕರು ಆ ಚಿತ್ರವನ್ನೇ ಅರಮನೆಯ ಔತಣಗಳ ದೃಶ್ಯಗಳ ಜೊತೆ ಬೆರೆಸಿ ಇಥಿಯೋಪಿಯಾದ ಟಿವಿಯಲ್ಲಿ ತೋರಿಸಿದರು. ಮರುದಿನ, ಅಂದರೆ 1974ರ ಸೆಪ್ಟೆಂಬರ್ 12ರಂದು, ಚಕ್ರವರ್ತಿಯನ್ನು ಅರಮನೆಯಿಂದ ಒಂದು ಸಣ್ಣ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿ ಒಯ್ದರು. ಅಧಿಕಾರ ಹಿಡಿದ ಸೈನಿಕ ಮಂಡಳಿಯ ಹೆಸರು ದೆರ್ಗ್. ಜನರಿಗೆ ಮೊದಮೊದಲು ಖುಷಿಯೇ ಆಯಿತು. ಆಮೇಲೆ ಮೆಂಗಿಸ್ತು ಹೈಲೆ ಮರಿಯಂ ಎಂಬ ಅಧಿಕಾರಿ ಮೇಲೆ ಬಂದ. 1977-78ರ 'ಕೆಂಪು ಭೀತಿ'ಯಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಹಿಡಿದು ಹಿಡಿದು ಕೊಂದರು. ಬದುಕಬೇಕೆಂದವರು ರಾತ್ರಿ ನಡೆದು ಸುಡಾನ್ ಗಡಿ ದಾಟಿದರು. 1980ರಲ್ಲಿ ಅಮೆರಿಕ ನಿರಾಶ್ರಿತರ ಕಾಯಿದೆ ತಂದ ಮೇಲೆ ಸುಡಾನಿನ ಶಿಬಿರಗಳಿಂದ ಸಾವಿರಾರು ಮಂದಿಗೆ ಅಲ್ಲಿಗೆ ದಾರಿಯಾಯಿತು.

ವಾಷಿಂಗ್ಟನ್ನೇ ಯಾಕೆ ಅಂತೀರಾ? ನಾವೆಲ್ಲ ಮುಂಬಯಿಗೆ ಬಂದ ಹಾಗೆಯೇ, ಗುರುತಿನವರು ಇದ್ದರು ಅಂತ. ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಇಥಿಯೋಪಿಯಾದ ವಿದ್ಯಾರ್ಥಿಗಳು ಅಲ್ಲಿದ್ದರು, ರಾಯಭಾರ ಕಚೇರಿಯವರಿದ್ದರು. 1974ರ ನಂತರ ಅವರಲ್ಲಿ ಎಷ್ಟೋ ಜನ ಮರಳಿ ಹೋಗುವ ಹಾಗಿರಲಿಲ್ಲ. 1966ರಲ್ಲೇ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಒಬ್ಬರು ಇಥಿಯೋಪಿಯಾದ ಹೋಟೆಲು ತೆರೆದಿದ್ದರಾದರೂ ಅದು ಬಹಳ ದಿನ ನಡೆಯಲಿಲ್ಲ. ಗಟ್ಟಿಯಾಗಿ ಬೇರು ಬಿಟ್ಟಿದ್ದು ವಾಷಿಂಗ್ಟನ್ನಿನಲ್ಲೇ. 1978ರಲ್ಲಿ ಜಾರ್ಜಿಯಾ ಅವೆನ್ಯೂದಲ್ಲಿ 'ಮಾಮ್ಮಾ ದೆಸ್ತಾ' ಶುರುವಾಯಿತು, ಅಡುಗೆ ಮಾಡುತ್ತಿದ್ದ ದೆಸ್ತಾ ಬೈರು ಎಂಬ ಹೆಂಗಸಿನ ಹೆಸರೇ ಹೋಟೆಲಿಗೆ. ನಮ್ಮ ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಬೋರ್ಡಿಂಗ್ ನೆನಪಾಯಿತೇ? ಅಲ್ಲೂ ಮಾಲೀಕರ ಹೆಸರೇ ಬೋರ್ಡು. ಊರು ಬಿಟ್ಟ ಒಂಟಿ ಗಂಡಸರಿಗೆ ಮನೆಯ ಊಟ ಬೇಕಿತ್ತು. ಅಲ್ಲಿಂದಲೇ ಎರಡೂ ಕಥೆ ಹುಟ್ಟುವುದು.

1980ರ ದಶಕದಲ್ಲಿ ಆಡಮ್ಸ್ ಮಾರ್ಗನ್ ಎಂಬ ಬಡಾವಣೆಯ 18ನೇ ಬೀದಿಯ ಉದ್ದಕ್ಕೂ ಇಂಥ ಹೋಟೆಲುಗಳು ಎದ್ದವು. ಬಾಡಿಗೆ ಏರಿದಾಗ ಯು ಸ್ಟ್ರೀಟು ಮತ್ತು 9ನೇ ಬೀದಿಯ ಕಡೆ ಸರಿದರು. ಅದು ಕರಿಯ ಅಮೆರಿಕನ್ನರ ಹಳೆಯ ಬಡಾವಣೆ, ಡ್ಯೂಕ್ ಎಲಿಂಗ್ಟನ್ ಬೆಳೆದ ಜಾಗ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಗಲಭೆಯಲ್ಲಿ ಸುಟ್ಟು, ಬಹಳ ವರ್ಷ ಹಾಳು ಸುರಿಯುತ್ತಿತ್ತು. ಇಥಿಯೋಪಿಯಾದವರು ಬಂದು ಮುಚ್ಚಿದ ಅಂಗಡಿಗಳನ್ನು ತೆರೆದರು. ಆದರೆ 2005ರ ಸುಮಾರಿಗೆ ಆ ಬೀದಿಗೆ 'ಲಿಟಲ್ ಇಥಿಯೋಪಿಯಾ' ಎಂದು ಹೆಸರಿಡುವ ಮಾತು ಬಂದಾಗ ಅಲ್ಲಿನ ಹಳೆಯ ನಿವಾಸಿಗಳು ಒಪ್ಪಲಿಲ್ಲ. ಇದು ನಮ್ಮ ಅಜ್ಜಂದಿರ ಬೀದಿ, ನಿನ್ನೆ ಬಂದವರ ಹೆಸರು ಯಾಕೆ ಅಂತ. ಮುಂಬಯಿಯಲ್ಲಿ ಐವತ್ತು ವರ್ಷ ಕಳೆದ ನಮಗೆ ಈ ಜಗಳ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರ ಮಾತಲ್ಲೂ ಸತ್ಯ ಇರುತ್ತದೆ. ಲಾಸ್ ಏಂಜಲಿಸ್ಸಿನಲ್ಲಿ ಮಾತ್ರ 2002ರಲ್ಲೇ ಫೇರ್‌ಫ್ಯಾಕ್ಸ್ ಅವೆನ್ಯೂದ ಒಂದು ತುಂಡಿಗೆ ಆ ಹೆಸರು ಬಂತು. ವಾಷಿಂಗ್ಟನ್ನಿನವರು ಬಾಡಿಗೆಯ ಕಾಟಕ್ಕೆ ಊರ ಹೊರಗಿನ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾಗಳಿಗೂ ಹರಡಿದರು.

ನನ್ನ ಮಗಳು ಇರುವುದು ಆ ಸಿಲ್ವರ್ ಸ್ಪ್ರಿಂಗಿನಲ್ಲಿ. 2023ರ ಬೇಸಿಗೆಯಲ್ಲಿ ನಾವಿಬ್ಬರೂ ಹೋಗಿದ್ದಾಗ ಒಂದು ಬುಧವಾರ ಸಂಜೆ ಮಗಳು, ಅಳಿಯ, ಮೊಮ್ಮಗಳು ಎಲ್ಲ ಸೇರಿ ಇಂಥದೊಂದು ಹೋಟೆಲಿಗೆ ಹೋದೆವು. ಬುಧವಾರ ಎಂದು ಯಾಕೆ ಹೇಳಿದೆ ಅಂದರೆ, ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ ಮತ್ತು ಶುಕ್ರವಾರ ಉಪವಾಸ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಈಸ್ಟರಿಗೆ ಮುಂಚಿನ 55 ದಿನ ಮತ್ತು ಬೇರೆ ವ್ರತಗಳನ್ನೂ ಸೇರಿಸಿದರೆ ವರ್ಷದ ಅರ್ಧಕ್ಕೂ ಹೆಚ್ಚು ದಿನ ಇದೇ ನೇಮ. ನಾಲ್ಕನೇ ಶತಮಾನದಲ್ಲಿ ಅಕ್ಸುಮ್ ರಾಜ ಎಜಾನಾ ಕ್ರೈಸ್ತನಾದಾಗಿನಿಂದ ಬೆಳೆದು ಬಂದ ಸಂಪ್ರದಾಯ ಇದು. ಹೀಗಾಗಿ ಮಾಂಸ ತಿನ್ನುವ ಆ ದೇಶದಲ್ಲಿ ಬೇಳೆ, ಸೊಪ್ಪು, ಕಾಯಿಪಲ್ಯೆಗಳ ಒಂದು ಪೂರ್ತಿ ಅಡುಗೆಯೇ ಇದೆ. ನಮ್ಮಂಥ ಶಾಖಾಹಾರಿಗಳಿಗೆ ಇದಕ್ಕಿಂತ ಇನ್ನೇನು ಬೇಕು!

ಬಂದದ್ದು ಒಂದೇ ದೊಡ್ಡ ತಾಟು, ಐದೂ ಜನಕ್ಕೆ. ತಾಟಿನ ತುಂಬ ದೊಡ್ಡ ಕಂಬಳಿಯಂಥ ಇಂಜೆರಾ ಹಾಸಿ, ಅದರ ಮೇಲೆ ಕೆಂಪು ಬೇಳೆಯ ಖಾರದ ಮಿಸಿರ್ ವೊತ್, ಅರಿಷಿಣ ಹಾಕಿದ ಬೇಳೆಯ ಕಿಕ್ ಅಲಿಚಾ, ಸೊಪ್ಪಿನ ಗೊಮೆನ್, ಎಲೆಕೋಸು-ಆಲೂಗಡ್ಡೆ, ಬೀಟ್‌ರೂಟು, ನಡುವೆ ಕಡಲೆಹಿಟ್ಟಿನ ಶಿರೋ. ನಮ್ಮ ಮನೆಯವರು ನನ್ನ ಕಡೆ ಬಾಗಿ, "ಏನ್ರೀ ಇದು, ಎಲ್ಲಾರೂ ಒಂದ ತಾಟಿನ್ಯಾಗ? ಎಂಜಲಾಗೂದಿಲ್ಲೇನು?" ಅಂದರು. ಅವರ ತೌರುಮನೆಯಲ್ಲಿ ನೀರಿನ ತಂಬಿಗೆಯನ್ನು ತುಟಿಗೆ ತಾಗಿಸಿದರೂ ಬೈಗುಳ. ಆರು ವರ್ಷದ ಮೊಮ್ಮಗಳಿಗೆ ಇದೆಲ್ಲ ಏನು ಗೊತ್ತು? ಶಾಲೆಯ ಗೆಳತಿಯ ಮನೆಯಲ್ಲಿ ನೋಡಿ ಕಲಿತಿದ್ದಳಂತೆ. ಇಂಜೆರಾ ಹರಿದು, ಶಿರೋ ಸುತ್ತಿ, ಅಜ್ಜಿಯ ಬಾಯಿಗೇ ಹಿಡಿದಳು. ಹೀಗೆ ಕೈತುತ್ತು ಕೊಡುವುದಕ್ಕೆ ಅವರು ಗುರ್ಷಾ ಅನ್ನುತ್ತಾರೆ. ಬೇಡ ಅಂದರೆ ಅವಮಾನ. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು ಬಾಯಿ ತೆರೆದರು. ನುಂಗಿದ ಮೇಲೆ ಹೇಳಿದ್ದು ಒಂದೇ ಮಾತು: "ಇದು ನಮ್ಮ ಝುಣಕಾನೇ ಅಲ್ಲೇನ್ರೀ?"

ಹೌದು, ಹತ್ತಿರ ಹತ್ತಿರ ಅದೇ. ಇಂಜೆರಾಗೂ ನಮ್ಮ ದೋಸೆಗೂ ಅಷ್ಟೇ ಸಂಬಂಧ. ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ನೀರನ್ನು ಹೆಪ್ಪಿನ ಹಾಗೆ ಹೊಸ ಹಿಟ್ಟಿಗೆ ಹಾಕಿ ಎರಡು ಮೂರು ದಿನ ಹುಳಿ ಬರಿಸುತ್ತಾರೆ. ಹೆಂಚಿನ ಮೇಲೆ ಹೊಯ್ಯುವುದು ಮಾತ್ರ ತಿರುವುಮುರುವು: ನಾವು ನಡುವಿನಿಂದ ಅಂಚಿಗೆ ಹರಡುತ್ತೇವೆ, ಅವರು ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಮಗುಚಿ ಹಾಕುವುದಿಲ್ಲ. ಧಾನ್ಯದ ಹೆಸರು ತೆಫ್, ರಾಗಿಗಿಂತಲೂ ಎಷ್ಟೋ ಸಣ್ಣದು, ಒಂದು ಗ್ರಾಮಿಗೆ ಎರಡೂವರೆ ಮೂರು ಸಾವಿರ ಕಾಳು. ಮೊದಲು ಬಂದ ನಿರಾಶ್ರಿತರಿಗೆ ಅಮೆರಿಕದಲ್ಲಿ ತೆಫ್ ಸಿಗುತ್ತಿರಲಿಲ್ಲ, ಗೋಧಿ ಹಿಟ್ಟು, ಮೆಕ್ಕೆಜೋಳದ ಹಿಟ್ಟು ಬೆರೆಸಿ ಏನೋ ಮಾಡಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಕೆಲಸ ಮಾಡಿ ಬಂದಿದ್ದ ವೇಯ್ನ್ ಕಾರ್ಲ್‌ಸನ್ ಎಂಬ ಅಮೆರಿಕನ್, 1980ರ ದಶಕದಲ್ಲಿ ಐಡಾಹೊ ರಾಜ್ಯದಲ್ಲಿ ತೆಫ್ ಬೆಳೆದು ಇವರಿಗೆ ಮಾರಲು ತೊಡಗಿದ. ಆಮೇಲೆ ಈ ಕಾಳಿಗೆ ಎಂಥ ಬೆಲೆ ಬಂತೆಂದರೆ, ನೆದರ್‌ಲ್ಯಾಂಡ್ಸಿನ ಒಂದು ಕಂಪನಿ ತೆಫ್ ಹಿಟ್ಟಿನ ಮೇಲೆ ಪೇಟೆಂಟೇ ತೆಗೆದುಕೊಂಡಿತು! 2018ರಲ್ಲಿ ಹೇಗ್ ನಗರದ ನ್ಯಾಯಾಲಯ ಅದು ಸಲ್ಲದೆಂದು ಹೇಳಿತು. ನಮ್ಮ ಅರಿಷಿಣಕ್ಕೂ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಕೊಟ್ಟು 1997ರಲ್ಲಿ ರದ್ದು ಮಾಡಿದ್ದು ನಿಮಗೆ ನೆನಪಿರಬೇಕು.

ಇನ್ನು ನಮ್ಮ ತಾಟಿನ ವಿಷಯಕ್ಕೆ ಬರೋಣ. ವಿಜಾಪುರದ ಊಟದಲ್ಲಿ ಏನೇನಿದೆ? ಜೋಳದ ರೊಟ್ಟಿ. ಜೋಳವನ್ನು ಮೊದಲು ಒಕ್ಕಲುತನಕ್ಕೆ ತಂದದ್ದು ಇಥಿಯೋಪಿಯಾದ ಪಕ್ಕದ ಪೂರ್ವ ಸುಡಾನಿನಲ್ಲಿ, ಸುಮಾರು ಐದು ಸಾವಿರ ವರ್ಷದ ಹಿಂದೆ. ಅಲಸಂದಿ ಕಾಳು ಆಫ್ರಿಕಾದ್ದು. ಹಳೇ ಮೈಸೂರಿನವರ ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದ್ದು, ಇಥಿಯೋಪಿಯಾದವರು ಅದನ್ನು ದಾಗುಸಾ ಅನ್ನುತ್ತಾರೆ. ಕೊನೆಗೆ ನಮ್ಮ ಗುರೆಳ್ಳು, ದಕ್ಷಿಣದವರ ಹುಚ್ಚೆಳ್ಳು. ಅದರ ಶಾಸ್ತ್ರೀಯ ಹೆಸರಿನಲ್ಲೇ 'ಅಬಿಸಿನಿಕಾ' ಎಂದು ಊರಿನ ಹೆಸರಿದೆ, ಅಬಿಸೀನಿಯಾ ಅಂದರೆ ಇಥಿಯೋಪಿಯಾ. ಅವರ ಭಾಷೆಯಲ್ಲಿ ನೂಗ್. ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಮಾತ್ರ ಇಬ್ಬರಿಗೂ ಅಮೆರಿಕ ಖಂಡದಿಂದ ಬಂದದ್ದು. "ಪರದೇಶದ ಊಟ" ಅಂತ ಅಂಜುತ್ತ ಕೂತ ನಾವು ಮನೆಯಲ್ಲಿ ದಿನಾ ಅರ್ಧ ಆಫ್ರಿಕಾವನ್ನೇ ಉಣ್ಣುತ್ತಿದ್ದೇವೆ.

ಕಾಳುಗಳ ಹಾಗೆ ಮನುಷ್ಯರೂ ಬಂದರು, ಆದರೆ ಇಷ್ಟಪಟ್ಟಲ್ಲ. ಮೊದಲನೇ ಶತಮಾನದಲ್ಲಿ ಒಬ್ಬ ಗ್ರೀಕ್ ವ್ಯಾಪಾರಿ ಬರೆದಿಟ್ಟ ಸಮುದ್ರದಾರಿಯ ಪುಸ್ತಕದಲ್ಲಿ ಅಕ್ಸುಮಿನ ಅದೂಲಿಸ್ ಬಂದರಿಗೆ ಭಾರತದ ಕಬ್ಬಿಣ ಮತ್ತು ಹತ್ತಿ ಬಟ್ಟೆ ಬರುತ್ತಿದ್ದ ಉಲ್ಲೇಖ ಇದೆ. ದೆಬ್ರೆ ದಾಮೊ ಎಂಬ ಮಠದ ಹತ್ತಿರ 1940ರಲ್ಲಿ ನಮ್ಮ ಕುಷಾಣರ ನೂರಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಸಿಕ್ಕವು. ಆಮೇಲಿನ ಶತಮಾನಗಳಲ್ಲಿ ಅದೇ ಸಮುದ್ರದಲ್ಲಿ ಗುಲಾಮರಾಗಿ ಹಬಶಿಗಳು ಬಂದರು. 1548ರ ಸುಮಾರಿಗೆ ಅಲ್ಲಿ ಹುಟ್ಟಿ, ಮಗುವಾಗಿ ಮಾರಾಟವಾಗಿ, ಬಾಗ್ದಾದ್ ದಾಟಿ ದಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದನಗರದ ಮಂತ್ರಿಯಾಗಿ ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ನಮ್ಮ ವಿಜಾಪುರದಲ್ಲೇ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿ ಇದ್ದ. 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರ್ ವಿಜಾಪುರದ ಸರದಾರನೇ. ಮುಂಬಯಿಯಿಂದ ನಾವು ಪಿಕ್‌ನಿಕ್ಕಿಗೆ ಹೋಗುವ ಮುರುಡ್ ಜಂಜೀರಾ ಸಿದ್ದಿಗಳ ಕೋಟೆ. ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಗಳ ಹಿರಿಯರು ಪೂರ್ವ ಆಫ್ರಿಕಾದ ಬೇರೆ ಬೇರೆ ಕಡೆಯಿಂದ ಹೀಗೇ ಬಂದವರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಊಟದ ನಡುವೆ ಹೋಟೆಲಿನ ಒಡತಿ ನಮ್ಮ ಮೇಜಿಗೆ ಬಂದರು. ನನ್ನದೇ ವಯಸ್ಸು. ಮನೆಯವರ ಹಣೆಯ ಕುಂಕುಮ ನೋಡಿ, "ನೀವು ಟೀಚರಾ?" ಎಂದು ಕೇಳಿದರು. ನಮಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದರು, ಗೊಂದರ್ ಊರಿನ ಶಾಲೆಯಲ್ಲಿ ಅವರಿಗೆ ಗಣಿತ ಕಲಿಸಿದ್ದು ಸೀರೆ ಉಟ್ಟ ಒಬ್ಬ ಭಾರತೀಯ ಮೇಡಂ ಅಂತ. ಚಕ್ರವರ್ತಿಯ ಕಾಲದಲ್ಲಿ ಭಾರತದಿಂದ ಬಹಳಷ್ಟು ಶಿಕ್ಷಕರು ಆ ದೇಶದ ಮೂಲೆಮೂಲೆಯ ಶಾಲೆಗಳಿಗೆ ಹೋಗಿದ್ದರು. ಆ ತಲೆಮಾರಿನ ಇಥಿಯೋಪಿಯನ್ನರಲ್ಲಿ ಎಷ್ಟೋ ಜನಕ್ಕೆ ಭಾರತೀಯ ಅಂದರೆ ಶಿಕ್ಷಕ ಎಂದೇ ಅರ್ಥ. ಈ ತಾಯಿ 1978ರಲ್ಲಿ ಅಣ್ಣನನ್ನು ಕಳೆದುಕೊಂಡು, ಸುಡಾನಿನ ಗೆದಾರೆಫ್‌ವರೆಗೆ ನಡೆದು, ಐದು ವರ್ಷ ಅಲ್ಲೇ ಇದ್ದು 1983ರಲ್ಲಿ ಅಮೆರಿಕಕ್ಕೆ ಬಂದವರು. ಮತ್ತೆ ತಮ್ಮ ಊರು ನೋಡಿದ್ದು 1991ರಲ್ಲಿ ದೆರ್ಗ್ ಬಿದ್ದ ಮೇಲೆ. ಆ ಹೊತ್ತಿಗೆ ಅವ್ವ ಇರಲಿಲ್ಲ. ನಾನು ಮುಂಬಯಿಯಿಂದ ವರ್ಷಕ್ಕೆರಡು ಸಲ, ಜಾತ್ರೆಗೊಮ್ಮೆ ದೀಪಾವಳಿಗೊಮ್ಮೆ, ಊರಿಗೆ ಹೋಗಿ ಅವ್ವನ ಕೈಯ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದೆ. ಊರು ಬಿಟ್ಟವರು ನಾವು ಎಂದು ಕವಿಗೋಷ್ಠಿಗಳಲ್ಲಿ ಬಹಳ ಕಣ್ಣೀರು ಹಾಕುತ್ತೇವಲ್ಲ, ಮರಳುವ ಗಾಡಿ ನಮಗೆ ಯಾವತ್ತೂ ತಪ್ಪಿರಲಿಲ್ಲ.

ಒಂದೇ ತಾಟಿನಲ್ಲಿ ಉಂಡವರು ಒಬ್ಬರಿಗೊಬ್ಬರು ದ್ರೋಹ ಬಗೆಯುವುದಿಲ್ಲ ಎಂಬ ನಂಬಿಕೆ ಅವರಲ್ಲಿದೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಾವೂ ಹೇಳುತ್ತೇವೆ. ಇದನ್ನು ಮಗಳು ಕೇಳಿದಾಗ ಒಡತಿ ನಗಲಿಲ್ಲ. 2020ರ ನವೆಂಬರಿನಿಂದ 2022ರ ನವೆಂಬರಿನವರೆಗೆ ತಿಗ್ರಾಯ್‌ನಲ್ಲಿ ಯುದ್ಧ ನಡೆಯಿತಲ್ಲ, ಆಗ ಇಪ್ಪತ್ತು ವರ್ಷದ ಗಿರಾಕಿಗಳೇ ನೀವು ಯಾವ ಕಡೆಯವರು ಎಂದು ಕೇಳಿದರಂತೆ. ಕೆಲವರು ಬರುವುದನ್ನೇ ಬಿಟ್ಟರಂತೆ. "ತಾಟು ದೊಡ್ಡದೇ ಇದೆ. ಕೂರುವವರು ಬರಬೇಕು" ಅಂದು, ಮೊಮ್ಮಗಳಿಗೆ ಇನ್ನೊಂದು ಇಂಜೆರಾ ಹಾಕಿ ಒಳಗೆ ಹೋದರು. ಎಂಜಲಿನ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಮನೆಯವರು ಇನ್ನೊಂದು ತುತ್ತು ಕಟ್ಟಿ ಈ ಸಲ ಅಳಿಯನ ಕಡೆ ಚಾಚಿದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಬೇರೆ ಜಾತಿಯ ಆ ಹುಡುಗನಿಗೆ ಅವರು ಕೈಯಾರೆ ಉಣಿಸಿದ್ದು ಅದೇ ಮೊದಲು.

ಹೊರಡುವಾಗ ಪಕ್ಕದ ಅವರದೇ ಕಿರಾಣಿ ಅಂಗಡಿಯಲ್ಲಿ ಗುರೆಳ್ಳು ಕಂಡಿತು. ಅಮೆರಿಕದ ಬೇರೆ ಅಂಗಡಿಗಳಲ್ಲಿ ಇದನ್ನು ಹಕ್ಕಿಗಳಿಗೆ ಹಾಕುವ ಕಾಳು ಎಂದು ಮಾರುತ್ತಾರೆ. ಇಲ್ಲಿ ಮನುಷ್ಯರಿಗೆ. ಎರಡು ಪೌಂಡು ಕಟ್ಟಿಸಿಕೊಂಡೆವು.

ನೀವು ಯಾರಾದರೂ ಮಕ್ಕಳ ಮನೆಗೆ ಆ ಕಡೆ ಹೋದರೆ ಬುಧವಾರವೋ ಶುಕ್ರವಾರವೋ ಹೋಗಿ, ಉಪವಾಸದ ತಾಟು ಎಂದು ಕೇಳಿ. ಬೇರೆ ದಿನವಾದರೆ ಮಸಾಲೆ ತುಪ್ಪ ಹಾಕಿದ್ದಾರೋ ಇಲ್ಲವೋ ವಿಚಾರಿಸಿ. ಕೆಲವು ಕಡೆ ಇಂಜೆರಾಗೆ ಗೋಧಿಯನ್ನೂ ಬೆರೆಸುತ್ತಾರೆ, ಗೋಧಿ ಆಗದವರು ಮೊದಲೇ ಹೇಳುವುದು ಒಳ್ಳೆಯದು. ಕಡೆಗೆ ಕಾಫಿ ಬಿಡಬೇಡಿ. ನಮ್ಮ ಬಾಬಾಬುಡನ್ ಗಿರಿಯ ಕಾಫಿ ಯೆಮನ್ನಿನಿಂದ ಬಂತು ಅನ್ನುತ್ತಾರೆ, ಆ ಗಿಡದ ತವರು ಇಥಿಯೋಪಿಯಾದ ನೈರುತ್ಯದ ಕಾಡು. ಎದುರಿಗೇ ಬೀಜ ಹುರಿದು, ಕುಟ್ಟಿ, ಮೂರು ಸುತ್ತು ಕೊಡುತ್ತಾರೆ. ಒಂದು ತಾಸು ಬಿಡುವು ಇಟ್ಟುಕೊಂಡು ಹೋಗಿ. ಮೊದಲ ಲೋಟ ಮುಗಿಸಿ ಎದ್ದು ಬರಬೇಡಿ.